ಇಲ್ಲದ ಕುಣಿಕೆ

೧. ಎಲ್ಲಿಂದ ಶುರು ಮಾಡಲಿ? ಜೀವಕೋಶದ ನ್ಯೂಕ್ಲಿಯಸ್ಸಿನಿಂದ ಅಂದರೆ ನೀವು ಪುಟ ತಿರುಗಿಸುತ್ತೀರಿ. ಪ್ರಶಸ್ತಿ ಸಮಾರಂಭದಿಂದ ಅಂದರೆ ನಮ್ಮ ವಿಜ್ಞಾನಿ ಮೇಡಂ ಒಪ್ಪುವುದಿಲ್ಲ. (ಕಾರಣವಿದೆ. ತಾಳಿ.)

೨. ಸರಿ, ನ್ಯೂಕ್ಲಿಯಸ್ಸೇ ಇರಲಿ. ಕಣ್ಣಿಗೆ ಕಾಣದ ಆ ಕೋಣೆಯೊಳಗೆ ಎರಡು ಮೀಟರ್ ಉದ್ದದ ಡಿಎನ್‌ಎ ದಾರ ಪ್ರೋಟೀನುಗಳಿಗೆ ಸುತ್ತಿಕೊಂಡು, ಮಡಚಿಕೊಂಡು ಕೂತಿರುತ್ತದೆ. ಅದಕ್ಕೆ ಕ್ರೊಮ್ಯಾಟಿನ್ ಅಂತ ಹೆಸರು. ಅದು ಹೇಗೆ ಮಡಚಿಕೊಳ್ಳುತ್ತದೆ ಎಂದು ನೋಡುವುದರಲ್ಲೇ ಮೇಡಂ ಅವರ ಇಪ್ಪತ್ತೆರಡು ವರ್ಷ ಹೋಯಿತು. ಹನ್ನೊಂದನೇ ವರ್ಷ ದಾರದಲ್ಲಿ ಒಂದು ಕುಣಿಕೆ ಕಂಡಿತು. ಪ್ರಬಂಧ ಬಂತು, ಬಡ್ತಿ ಬಂತು, ಕುಣಿಕೆಯ ಚಿತ್ರ ಸಂಸ್ಥೆಯ ಲೆಟರ್‌ಹೆಡ್ಡಿಗೂ ಬಂತು.

೩. ಈ ವರ್ಷ ಅದಕ್ಕೆ ಪ್ರಶಸ್ತಿ ಘೋಷಣೆಯಾಯಿತು. ಅದೇ ವಾರ ಅವರ ಪಿಎಚ್‌ಡಿ ವಿದ್ಯಾರ್ಥಿನಿ ಕೋಶಗಳನ್ನು ಸಾಯಿಸದೆ, ಜೀವಂತವಾಗಿಯೇ ನೋಡಿದಳು. ಕುಣಿಕೆ ಇರಲಿಲ್ಲ. ಮೂರು ಸಲ ನೋಡಿದರೂ ಇರಲಿಲ್ಲ. ಕೋಶಗಳನ್ನು ಗಟ್ಟಿ ಮಾಡಲು ಹಾಕುತ್ತಿದ್ದ ಫಾರ್ಮಾಲಿನ್ನೇ ಅದನ್ನು ಹುಟ್ಟಿಸುತ್ತಿತ್ತು. ಹುಡುಗಿ ಅಳುತ್ತಾ ಬಂದು ಕ್ಷಮೆ ಕೇಳಿದಳು. (ತಪ್ಪು ಕಂಡುಹಿಡಿದವರೇ ಕ್ಷಮೆ ಕೇಳುವ ವೃತ್ತಿ ಇದು.)

೪. ಇಲ್ಲಿ ನಾನೊಂದು ಡ್ರಾಫ್ಟ್ ಬರೆದೆ: ಮೇಡಂ ಹುಡುಗಿ ತಂದ ಹೊಸ ಚಿತ್ರಗಳನ್ನು ಡ್ರಾಯರಿಗೆ ತಳ್ಳಿ ಬೀಗ ಹಾಕಿದರು. ಮೇಡಂ ಓದಿ, ಅಡ್ಡಗೆರೆ ಎಳೆದರು.

“ನನ್ನ ಡ್ರಾಯರಿಗೆ ಬೀಗವೇ ಇಲ್ಲ ಕಣ್ರೀ. ಅಲ್ಲದೆ ಆ ಹುಡುಗಿ ಏನು ಮಾಡಬೇಕು? ಅವಳ ಥೀಸಿಸ್ಸೇ ಇದು.”

ಡ್ರಾಫ್ಟ್ ಹರಿದು ಹಾಕಿದೆ.

೫. ನಿರ್ದೇಶಕರ ಕೋಣೆ. ಪ್ರಬಂಧ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು ಮೇಡಂ. ನಿರ್ದೇಶಕರು ಎದ್ದು ಬಾಗಿಲು ಮುಚ್ಚಿದರು. ‘ತಪ್ಪು’ ಎಂಬ ಮಾತು ಸಂಸ್ಥೆಗೆ ಒಗ್ಗುವುದಿಲ್ಲ, ‘ಹೊಸ ಒಳನೋಟ’ ಎನ್ನೋಣ, ಅದೂ ಸಮಾರಂಭ ಮುಗಿದ ಮೇಲೆ ಎಂದರು. ಹೂಗುಚ್ಛಕ್ಕೆ ಆರ್ಡರ್ ಹೋಗಿದೆ ಎಂಬುದು ಅವರ ಕೊನೆಯ ವೈಜ್ಞಾನಿಕ ವಾದ. ಮೇಡಂ ಅಲ್ಲೇ ಕೂತು ಜರ್ನಲ್ಲಿಗೆ ಮೇಲ್ ಕಳಿಸಿದರು. ಎರಡು ಸ್ಪೆಲ್ಲಿಂಗ್ ತಪ್ಪಾದವು.

೬. ಪ್ರಶಸ್ತಿ ಹೋಯಿತು. ಹತ್ತು ವರ್ಷ ಆ ಕುಣಿಕೆಗೇ ಜೋತುಬಿದ್ದಿದ್ದ ಸಹೋದ್ಯೋಗಿಗಳೆಲ್ಲ, ತಮಗೆ ಮೊದಲಿಂದಲೂ ಅನುಮಾನವಿತ್ತು ಎಂದು ನೆನಪಿಸಿಕೊಂಡರು. ಮನೆಯಲ್ಲಿ ಅಮ್ಮ ಕೇಳಿದರು:

“ಹಾಗಾದ್ರೆ ಇಷ್ಟು ವರ್ಷ ನೀನು ಹೇಳಿದ್ದು ಸುಳ್ಳಾ?”

“ಸುಳ್ಳಲ್ಲಮ್ಮ. ತಪ್ಪು.”

ಅಮ್ಮ ಮತ್ತೆ ಕೇಳಿದರು: “ಆ ಹುಡುಗಿಗೆ ಡಿಗ್ರಿ ಸಿಗುತ್ತೆ ತಾನೇ?”

ಮೇಡಂ ಆಗ ಅತ್ತರು. (ನಾನು ಬರೆಸಿದ್ದಲ್ಲ.)

೭. ನನ್ನ ಹತ್ತಿರ ಎರಡು ಅಂತ್ಯಗಳಿವೆ. ಒಂದರಲ್ಲಿ ಪ್ರಾಮಾಣಿಕತೆಗೆಂದು ಇನ್ನೂ ದೊಡ್ಡ ಪ್ರಶಸ್ತಿ. ಇನ್ನೊಂದರಲ್ಲಿ ರಾಜೀನಾಮೆ, ಕೈತೋಟ, ನೆಮ್ಮದಿ. ಎರಡನ್ನೂ ಹಿಡಿದು ಲ್ಯಾಬಿಗೆ ಹೋದೆ. ಮೇಡಂ ಕತ್ತಲೆ ಕೋಣೆಯಲ್ಲಿ, ಮೈಕ್ರೋಸ್ಕೋಪಿನ ಮುಂದೆ, ವಿದ್ಯಾರ್ಥಿನಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಿದ್ದರು. ಕುಣಿಕೆ ಇಲ್ಲವೆಂದರೆ ದಾರ ಮಡಚಿಕೊಳ್ಳುವುದಾದರೂ ಹೇಗೆ ಎಂದು ಕೇಳಿದೆ.

“ಗೊತ್ತಿಲ್ಲ,” ಎಂದರು, ಪ್ರಶಸ್ತಿ ಘೋಷಣೆಯಾದ ದಿನವೂ ಕಾಣದ ಖುಷಿಯಲ್ಲಿ. “ಬಾಗಿಲು ಹಾಕ್ಕೊಂಡು ಹೋಗ್ತೀರಾ? ಬೆಳಕು ಬರ್ತಿದೆ.”

ಹಾಕಿದೆ. ನಾನೀಗ ಹೊರಗಿದ್ದೇನೆ. ನೀವೂ.