ಮೋತ್ಯಾನ ಕೊರಳಿನ ಬಿಚ್ಚದ ಗಂಟು

ನಾನು ಒಂದು ಕೊರಳಪಟ್ಟಿ. ಕುರಿ ಕಾಯುವ ನಾಯಿಯ ಕುತ್ತಿಗೆಗೆ ತೋಳ ಬಾಯಿ ಹಾಕದಿರಲೆಂದು ಹುಟ್ಟಿದ ಮುಳ್ಳಿನ ಪಟ್ಟಿ. ಕಮ್ಮಾರ ಮೌನೇಶಪ್ಪ ಮುರಿದ ಕುಂಟೆಯ ಕಬ್ಬಿಣ ಕಾಸಿ ಹನ್ನೊಂದು ಮುಳ್ಳು ಬಡಿದ. ದಪ್ಪ ತೊಗಲಿಗೆ ಅವನ್ನು ಕೂಡಿಸಿ ಎರಡು ತುದಿಗೂ ದಾರ ಬಿಟ್ಟ. ಕೆಂಪಗೆ ಕಾದ ಮುಳ್ಳುಗಳನ್ನು ನೀರಿಗೆ ಅದ್ದಿದಾಗ ನಾನು ಚುಂಯ್ ಎಂದೆ. ನನ್ನ ಜನ್ಮದಲ್ಲಿ ನಾನು ಆಡಿದ ಮಾತು ಅದೊಂದೇ.

ಕುರಿಗಾರ ಅಮೋಗೆಪ್ಪ ನನ್ನನ್ನು ಕುಲುಮೆಯಿಂದ ನೆಟ್ಟಗೆ ಬೀರಪ್ಪನ ಗುಡಿಗೆ ಒಯ್ದ. ನನಗೆ ಭಂಡಾರದ ಅರಿಶಿನ ಬಳಿದು, ಒಂದು ವರುಷದ ಕಂದು ನಾಯಿ ಮೋತ್ಯಾನ ಕೊರಳಿಗೆ ಬಿಗಿದು, ಕೈಮುಗಿದ.

"ಅಪ್ಪಾ, ಹಿಂಡು ಮೇವಿಗೆ ಹೋಗಿ ತಿರುಗಿ ನಿನ್ನ ಮುಂದ ಬರೋತನಕ ಈ ಗಂಟು ಬಿಚ್ಚಂಗಿಲ್ಲ. ಇವನ ಕೊಳ್ಳು ನಿಂದು."

ಅವನ ಹೆಂಡತಿ ನೀಲವ್ವ ನಕ್ಕಳು. "ನನ್ನ ತಾಳಿಗೂ ಇಷ್ಟು ಗಟ್ಟಿ ಗಂಟು ಹಾಕಿರಲಿಲ್ಲ ನೀ!"

ಮೊದಲ ವರುಷ ಹಾಗೆಯೇ ನಡೆಯಿತು. ಒಂದು ಸಂಜೆ ತೋಳ ಬಂದು ಮೋತ್ಯಾನ ಕೊರಳಿಗೇ ಬಾಯಿ ಹಾಕಿ, ನನ್ನ ಮುಳ್ಳು ಚುಚ್ಚಿಸಿಕೊಂಡು ಓಡಿತು. ಅಮೋಗೆಪ್ಪ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನನಗೂ ಹೆಮ್ಮೆಯಾಯಿತು. ಅವನ ನಂಬಿಕೆಯೂ ನನ್ನ ಹೆಮ್ಮೆಯೂ ಆ ಸಂಜೆಯೇ ಅಳತೆ ಮೀರಿದವು.

ಎರಡನೆಯ ವರುಷವೂ ಅದೇ ಮಾತು ಕೊಟ್ಟು, ಅದೇ ಗಂಟು ಬಿಗಿದ. ಆ ಸಲ ಹೊಳೆಯಾಚೆಯ ಬಯಲಿನಲ್ಲಿ ಎಂಟು ದಿನ ಅಕಾಲದ ಮಳೆ ಹಿಡಿಯಿತು. ಮಳೆ ನಿಂತ ಮೇಲೆ ಕುರಿಗಳ ಮೈ ಒಣಗಿತು, ಕಂಬಳಿ ಒಣಗಿತು, ನನ್ನ ತೊಗಲು ಮಾತ್ರ ಒಳಗೇ ಹಸಿಯಾಗಿ ಉಳಿಯಿತು. ನನ್ನ ಕೆಳಗೆ ಮೋತ್ಯಾನ ಚರ್ಮ ಮೊದಲು ಬೆಚ್ಚಗಾಯಿತು, ಆಮೇಲೆ ಕೂದಲು ಉದುರಿತು. ಅವನು ಹಿಂಗಾಲಿನಿಂದ ನನ್ನನ್ನು ಕರಕರ ಕೆರೆದ.

"ಉಣ್ಣಿ ಹತ್ಯಾವ" ಎಂದು ಅಮೋಗೆಪ್ಪ ಪಟ್ಟಿಯ ಅಂಚಿಗೆ ಬೇವಿನೆಣ್ಣೆ ಸವರಿದ, ಮೇಲೆ ಭಂಡಾರ ಉದುರಿಸಿದ. ಅವನ ಭಕ್ತಿ ಸುಳ್ಳಲ್ಲ. ಆದರೆ ಆ ಹಳದಿಯ ಕೆಳಗೆ ಹುಣ್ಣಿನ ಕೆಂಪು ಕಾಣದೇ ಹೋಯಿತು.

ನಾಲ್ಕು ದಿನಕ್ಕೆ ನೀಲವ್ವನ ಮೂಗಿಗೆ ನಾತ ಬಡಿಯಿತು. "ಏನೋ ಕೊಳತ ವಾಸನಿ. ಬಿಚ್ಚಿ ನೋಡು. ದನದ ದವಾಖಾನಿಗಿ ಒಯ್ಯೋಣ."

"ಹದಿನೈದು ದಿನದಾಗ ಊರು ಬರ್ತೈತಿ. ದೇವರ ಮುಂದ ಬಿಚ್ಚೋಣ. ನಾಯಿ ಅಂದಮ್ಯಾಲ ಕೆರಕೋತೈತಿ, ಅದಕ್ಯಾಕ ಡಾಕ್ಟರ?"

ನನಗೆ ಎಲ್ಲ ಗೊತ್ತಿತ್ತು. ಕೀವು ನನ್ನ ಹೊಲಿಗೆಯಲ್ಲಿ ಇಳಿಯುತ್ತಿತ್ತು. ತೋಳನನ್ನು ತಡೆದ ನಾನು ನೊಣವನ್ನು ತಡೆಯಲಿಲ್ಲ. ಅದಕ್ಕೆ ಮೊಟ್ಟೆಯಿಡಲು ನೆರಳಾದೆ.

ಎಣ್ಣೆ ಸವರಿದ ಹನ್ನೆರಡನೆಯ ದಿನ ಮೋತ್ಯಾ ರೊಟ್ಟಿ ಮೂಸಿ ತಲೆ ತಿರುಗಿಸಿದ. ನೀಲವ್ವ ಗಂಡನನ್ನು ಕೇಳಲಿಲ್ಲ. ಉಣ್ಣೆ ಕತ್ತರಿಸುವ ಕತ್ತರಿ ತಂದು ಗಂಟು ಕತ್ತರಿಸಿದಳು. ಕೆಳಗೆ ಅಂಗೈಯಗಲ ಹಸಿ ಹುಣ್ಣು. ಹುಳ ಮಿಜಿಮಿಜಿ ಎನ್ನುತ್ತಿದ್ದವು. ಅಮೋಗೆಪ್ಪ ಕುಂಟ ಕುರಿಮರಿಯನ್ನು ಹೊರುವಂತೆ ಮೋತ್ಯಾನನ್ನು ಹೆಗಲಿಗೇರಿಸಿ, ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಹರದಾರಿ ನಡೆದ.

ಡಾಕ್ಟರಮ್ಮ ಹುಳ ತೆಗೆಯುತ್ತ ಕೇಳಿದರು: "ಪಟ್ಟಿ ಬಿಚ್ಚಿ ಎಷ್ಟು ದಿನ ಆಗಿತ್ತು?"

ಅಮೋಗೆಪ್ಪ ನನ್ನನ್ನು ಸೊಂಟದಿಂದ ತೆಗೆದು ಅಂದೇ ಕತ್ತರಿಸಿದ ಗಂಟನ್ನು ತೋರಿಸಿದ.

"ಬರೇ ಕೆರಕೊಂಡ್ರ ಒಂದೆರಡು ದಿನ ನೋಡ್ರಿ, ಯಜಮಾನ್ರ. ಕೂದಲು ಉದರಿ ನೀರು ಸೋರ್ತು, ವಾಸನಿ ಬಂತು ಅಂದ್ರ ಅವತ್ತ ಬರಬೇಕು. ಕೂಳು ಬಿಡೋತನಕ ಕಾಯೂದಲ್ಲ. ಮೊದಲ ಬಂದಿದ್ರ ಒಂದು ಮುಲಾಮಿನ್ಯಾಗ ಮುಗೀತಿತ್ತು. ಈಗ ನಂಜು ರಕ್ತಕ್ಕ ಏರೈತಿ."

ಸೂಜಿ ಹಾಕಿದರು, ಔಷಧಿ ಕೊಟ್ಟರು. ಮೂರನೆಯ ದಿನ ಬೆಳಗ್ಗೆ ಮೋತ್ಯಾ ಅಮೋಗೆಪ್ಪನ ಕಂಬಳಿಯ ಮೇಲೆ ತಲೆಯಿಟ್ಟು ಹೋದ. ಬರಿಗೊರಳಲ್ಲಿ ಹೋದ.

ಊರಿಗೆ ಬಂದು ಅಮೋಗೆಪ್ಪ ನನ್ನನ್ನು ಬೀರಪ್ಪನ ಮುಂದಿಟ್ಟು ಅತ್ತ. "ಮಾತು ಮುರದೆ, ಅಪ್ಪಾ. ನಾಯೀನೂ ಕಳಕೊಂಡೆ."

ಮುದಿ ಪೂಜಾರಿ ಹಾಲಸಿದ್ಧ ಅವನ ಬೆನ್ನ ಮೇಲೆ ಕೈಯಿಟ್ಟ. "ಬಿಚ್ಚಬ್ಯಾಡ ಅಂತ ದೇವರು ಯಾವಾಗ ಅಂದಿದ್ದೋ, ತಮ್ಮಾ? ಅದು ನಿನ್ನ ಮಾತು."

ಅಂದಿನಿಂದ ನಾನು ಈ ಗುಡಿಯ ಗೋಡೆಯ ಮೊಳೆಯಲ್ಲಿದ್ದೇನೆ. ತೊಗಲು ಬಿರಿದಿದೆ, ಮೂರು ಮುಳ್ಳು ಉದುರಿವೆ. ಪ್ರತಿ ವರುಷ ಹಿಂಡು ಹೊರಡುವಾಗ ಅಮೋಗೆಪ್ಪ ತನ್ನ ಈಗಿನ ನಾಯಿಯನ್ನು ಇಲ್ಲಿಗೆ ತರುತ್ತಾನೆ. ಅದರ ಪಟ್ಟಿ ಬಿಚ್ಚಿ, ಕೊರಳ ಕೂದಲು ಸರಿಸಿ, ಮೂಗು ಹಚ್ಚಿ ಮೂಸುತ್ತಾನೆ. ದಾರಿಯಲ್ಲೂ ದಿನಾ ಹೀಗೇ ಮಾಡುತ್ತಾನಂತೆ. ನೀಲವ್ವ ಪೂಜಾರಿಗೆ ಹೇಳಿದ್ದು ಕೇಳಿದ್ದೇನೆ. ಆಮೇಲೆ ಒಂದೆಳೆಯ ಸಡಿಲ ಗಂಟು ಹಾಕಿ, ನನ್ನ ಕಡೆ ನೋಡದೆ ಹೊರಡುತ್ತಾನೆ.

ದೇವರೇ, ಕುಲುಮೆಯ ನೀರಿನಲ್ಲಿ ಸುಮ್ಮನೆ ಕಳೆದ ಆ ಒಂದು ಮಾತನ್ನು ನಾನು ಮೋತ್ಯಾನ ಕೊರಳಲ್ಲಿ ಆಡಲು ಉಳಿಸಿಕೊಳ್ಳಬೇಕಿತ್ತು.