ಹಸಿರು ಚೀಟಿ

ನನ್ನ ಬಾಯಿ ಒಮ್ಮೆ ಹೊರಟರೆ ತಾನು ಓಡಿಸುವ ಹಿಮದ ಗಾಡಿಯ ಹಾಗೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ನೂಕಿಕೊಂಡೇ ಹೋಗುತ್ತದೆ ಎಂದು ನನ್ನ ಗಂಡ ಆರ್ಮಾಂಡ್ ಹೇಳುತ್ತಿದ್ದ. ಊರ ರಸ್ತೆಯ ಹಿಮ ತೆಗೆಯುತ್ತ ಇಪ್ಪತ್ತೆರಡು ಚಳಿಗಾಲ ಕಳೆದವನು, ಹೋಲಿಕೆ ಹುಡುಕಿಕೊಂಡು ದೂರ ಹೋಗುವವನಲ್ಲ. ಅವನು ಹಾಗೆಂದಾಗಲೆಲ್ಲ ನಾನು ನಗುತ್ತಿದ್ದೆ. ತೊಂಬತ್ಮೂರನೆಯ ಇಸವಿಯ ಡಿಸೆಂಬರಿನ ನಂತರ ಅವನು ಆ ಮಾತು ಆಡಿಲ್ಲ.

ಇಂಥ ಬಾಯಿಯವಳಿಗೆ ಗುಡ್ಡದ ಮೇಲಿನ ಕಾಲೇಜಿನವರು ಕೊಟ್ಟಿದ್ದು ಗುಟ್ಟು ಕಾಯುವ ಕೆಲಸ. ಪ್ರವೇಶ ಕಚೇರಿಯಲ್ಲಿ ಹೆಸರು ಟೈಪು ಮಾಡುವುದು, ಲಕೋಟೆಗೆ ವಿಳಾಸ ಅಂಟಿಸುವುದು, ಅಂಚೆಗೆ ಹಾಕುವುದು. ತೆಗೆದುಕೊಂಡವರಿಗೆ ದಪ್ಪ ಲಕೋಟೆ, ಉಳಿದವರಿಗೆ ತೆಳ್ಳನೆಯದು. ಕಾಗದ ಕೈಸೇರುವವರೆಗೆ ಯಾರಿಗೂ ಒಂದು ಮಾತು ಹೇಳುವುದಿಲ್ಲ, ಹೇಳಿದರೆ ಕೆಲಸ ಬಿಡುತ್ತೇನೆ ಎಂದು ಪ್ರತಿ ವರ್ಷ ಸಹಿ ಹಾಕಬೇಕು. ಹದಿನಾಲ್ಕು ವರ್ಷ ನಾನು ಆ ಸಹಿಗೆ ಕಳಂಕ ತರಲಿಲ್ಲ. ಊರಿನವರು ಅಂಗಡಿಯಲ್ಲಿ ಅಡ್ಡಗಟ್ಟಿ, "ಲೊರೇನ್, ನಮ್ಮ ಹುಡುಗಂದು ಏನಾಯ್ತೇ? ಬಾಯಲ್ಲಿ ಬೇಡ, ಕಣ್ಣಲ್ಲಾದ್ರೂ ಹೇಳು" ಎಂದರೆ, "ಕಣ್ಣಿಗೆ ಪೊರೆ ಬಂದಿದೆ ಮಾರಾಯಾ" ಎಂದು ದಾಟಿಕೊಂಡು ಬರುತ್ತಿದ್ದೆ.

ಹಾಗೆ ಕೇಳುವವರೂ ಕಡಿಮೆಯೇ. ನಮ್ಮೂರ ಮಕ್ಕಳು ಆ ಗುಡ್ಡದ ಮೇಲೆ ಜಾರುಬಂಡಿ ಆಡುತ್ತಾರೆ, ಓದುವುದಿಲ್ಲ. ಓದುವವರು ಬಾಸ್ಟನ್, ನ್ಯೂಯಾರ್ಕ್‌ಗಳಿಂದ ಅಪ್ಪನ ಕಾರಿನಲ್ಲಿ ಬರುತ್ತಾರೆ. ನನ್ನ ಮಗಳು ಮೊನೀಕ್ ಮಾತ್ರ ಎಂಟನೆಯ ವಯಸ್ಸಿನಿಂದ ಅಲ್ಲೇ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಮುಗಿಯುವವರೆಗೆ ಕಾಲೇಜಿನ ಗ್ರಂಥಾಲಯದ ಉತ್ತರದ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಅಲ್ಲಿ ಕೂತೂ ಕೂತೂ, ಯಾರೂ ಹೇಳಿಕೊಡದೆ, ಲ್ಯಾಟಿನ್ ಕಲಿತಳು. ಕೆಲಸಗಾರರ ಮಕ್ಕಳಿಗೆ ಶುಲ್ಕ ಇಲ್ಲ. ಆದರೆ ಮೊದಲು ಅವರು ತೆಗೆದುಕೊಳ್ಳಬೇಕು. ನೂರು ಮಂದಿ ಕೇಳಿದರೆ ಇಪ್ಪತ್ತು ಮಂದಿಗೂ ಜಾಗ ಇಲ್ಲ.

ನವೆಂಬರಿನಲ್ಲೇ ಅರ್ಜಿ ಹಾಕುವವರಿಗೆ ಬೇಗ ಉತ್ತರ ಸಿಗುತ್ತದೆ, ಅವಕಾಶವೂ ಸ್ವಲ್ಪ ಹೆಚ್ಚು. ಅದಕ್ಕೊಂದು ಷರತ್ತಿದೆ. ಇದೇ ನನ್ನ ಮೊದಲ ಆಯ್ಕೆ, ತೆಗೆದುಕೊಂಡರೆ ಬಂದೇ ಬರುತ್ತೇನೆ, ಬೇರೆ ಕಡೆ ಮುಖ ಹಾಕುವುದಿಲ್ಲ ಎಂದು ಮಗು, ಹೆತ್ತವರು, ಶಾಲೆಯ ಮೇಷ್ಟ್ರು ಮೂವರೂ ಸಹಿ ಮಾಡಿಕೊಡಬೇಕು. ಮೊನೀಕ್ ಆ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಎರಡು ಸಲ ಗಟ್ಟಿಯಾಗಿ ಓದಿದಳು.

"ಇದು ಮದುವೆ ಇದ್ದ ಹಾಗೆ ಅಲ್ವೇನಮ್ಮ?"

"ಮದುವೇಲಿ ಇಬ್ರೂ ಮಾತು ಕೊಡ್ತಾರೆ ಕಣೇ. ಇಲ್ಲಿ ಕೊಡೋಳು ನೀನೊಬ್ಳೇ" ಎಂದೆ. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಕೊಟ್ಟ ಮಾತೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಹಾಗೆಯೇ.

ಅವಳ ಶಾಲೆಯಲ್ಲಿ ಮಕ್ಕಳ ಮುಂದಿನ ಓದಿನ ವಿಷಯ ನೋಡಿಕೊಳ್ಳುತ್ತಿದ್ದವರು ಟಟಲ್ ಮೇಷ್ಟ್ರು. ಉದ್ದನೆಯ ಮನುಷ್ಯ, ನಿಧಾನದ ಮಾತು. ಅವರು ಅವಳಿಗೆ ಇನ್ನೊಂದು ದಾರಿಯನ್ನೂ ಮಾಡಿಟ್ಟಿದ್ದರು. ಕಲ್ಲುಗಣಿಯ ಹಳೆಯ ಮಾಲೀಕರೊಬ್ಬರ ಹೆಸರಿನಲ್ಲಿ ಒಂದು ಟ್ರಸ್ಟ್ ಇದೆ. ವರ್ಷಕ್ಕೊಂದು ಮಗುವನ್ನು ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪೂರ್ತಿ ಓದಿಸುತ್ತಾರೆ. ಅದರ ಸಂದರ್ಶನ ಡಿಸೆಂಬರ್ ಹನ್ನೊಂದು, ಶನಿವಾರ, ರಾಜ್ಯದ ರಾಜಧಾನಿ ಮಾಂಟ್‌ಪೀಲಿಯರಿನಲ್ಲಿ. "ಗುಡ್ಡದವ್ರು ಹೂಂ ಅಂದ್ರೆ ಇದನ್ನ ಬಿಟ್ಬಿಡು. ಊಹೂಂ ಅಂದ್ರೆ ಇದು ಇರತ್ತೆ. ಒಂದೇ ಕೊಂಬೆ ಹಿಡ್ಕೊಂಡು ಯಾರೂ ಮರ ಹತ್ತಲ್ಲ, ಮಗೂ" ಎಂದು ಹೇಳಿ ಕಳಿಸಿದ್ದರು.

ಅದರ ಹಿಂದಿನ ದಿನ, ಶುಕ್ರವಾರ, ನಮ್ಮ ಕಚೇರಿಯಲ್ಲಿ ಕಡತಗಳ ಮೇಲೆ ಚೀಟಿ ಬಿದ್ದವು. ಹಸಿರಾದರೆ ಹೌದು. ಬಿಳಿಯಾದರೆ ಇಲ್ಲ. ಹಳದಿಯಾದರೆ ಏಪ್ರಿಲ್‌ವರೆಗೆ ಕಾಯಿರಿ. ಮೊನೀಕ್‌ಳ ಕಡತ ನನ್ನ ಕೈಗೆ ಬರಬಾರದೆಂದು ಕಚೇರಿಯ ಮುಖ್ಯಸ್ಥೆ ಡೀನ್ ವಿನ್‌ಸ್ಲೋ ಮೊದಲೇ ತಾಕೀತು ಮಾಡಿದ್ದರು. ನಾವು ಹಿಂದಿನಿಂದ ಅವರನ್ನು ಡೀನಮ್ಮ ಎನ್ನುತ್ತಿದ್ದೆವು. ಡೀನಮ್ಮ ನ್ಯಾಯವಂತೆ, ಅದನ್ನು ಅಲ್ಲಗಳೆಯುವುದಿಲ್ಲ. ಕಡತ ನನ್ನ ಜೊತೆಯವಳಾದ ಬರ್ನೀಸ್‌ಳ ಮೇಜಿನಲ್ಲಿತ್ತು. ಅವಳು ಅದನ್ನು ಬೋರಲು ಹಾಕಿ ಊಟಕ್ಕೆ ಹೋಗಿದ್ದಳು. ನಾನು ಅಂಟುಪಟ್ಟಿ ತರಲು ಆ ಕಡೆ ಹೋದೆ. ಅಂಟುಪಟ್ಟಿ ನನ್ನ ಮೇಜಿನಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ಕಡತದ ಅಂಚನ್ನು ಎತ್ತಿ ನೋಡಿದೆ.

ಹಸಿರು.

ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಷ್ಟು ಸಂತೋಷದ ಅಳು ಅವಳು ಹುಟ್ಟಿದ ದಿನವೂ ಬಂದಿರಲಿಲ್ಲ.

ಮನೆಗೆ ಬಂದಾಗ ಮೊನೀಕ್ ಮರುದಿನಕ್ಕೆಂದು ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ. ಮೊಣಕೈ ಮೂಳೆ ಎದ್ದು ಕಾಣುತ್ತಿತ್ತು. ಹೊರಗೆ ಆಗಲೇ ಹಿಮಗಲ್ಲಿನ ಮಳೆ ಶುರುವಾಗಿತ್ತು. ಮಾಂಟ್‌ಪೀಲಿಯರಿನ ಘಾಟಿಯ ದಾರಿ ಬೆಳಗ್ಗೆಗೆ ಗಾಜಿನಂತಾಗುತ್ತದೆ ಎಂದು ಆರ್ಮಾಂಡ್ ಫೋನ್ ಮಾಡಿದ್ದ. ಇವೆಲ್ಲ ಕಾರಣಗಳು. ನಿಜವಾದ ಕಾರಣ ನನ್ನ ಬಾಯಿ.

"ಸಾಕು ಬಿಡೇ ಆ ಅಂಗಿ. ಬಂದಾಯ್ತು" ಎಂದೆ.

"ಏನು ಬಂದಾಯ್ತು?"

"ಹಸಿರು ಕಣೇ. ನನ್ನ ಕಣ್ಣಾರೆ ನೋಡ್ದೆ."

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ ತೆಗೆದು, ಆಮೇಲೆ ನೆಲದ ಮೇಲೆ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಆ ಸಂಜೆ ಮಾಂಸದ ಕಡುಬು ಎರಡು ತುಂಡು ತಿಂದಳು, ಮೇಪಲ್ ಪಾಕ ಸುರಿದುಕೊಂಡು ಮೂರನೆಯದನ್ನೂ ತಿಂದಳು. ಊಟ ಮುಗಿಸಿ, "ಹಾಗಾದ್ರೆ ನಾಳೆ ನಾನು ಹೋಗ್ಬಾರ್ದು ಅಲ್ವಾ?" ಎಂದು ಕೇಳಿದಳು. "ಸಹಿ ಹಾಕಿದೀನಿ. ಅದು ಬೇರೆ ಯಾರ್ದೋ ಜಾಗ."

ಒಂದು ಕ್ಷಣ, ಒಂದೇ ಒಂದು ಕ್ಷಣ, ಏನೋ ಚುಚ್ಚಿದಂತಾಯಿತು. ಆದರೆ ಹಿಮಗಲ್ಲು ಕಿಟಕಿಗೆ ಬಡಿಯುತ್ತಿತ್ತು, ಮಗಳು ಹೊಟ್ಟೆತುಂಬ ಉಂಡಿದ್ದಳು. "ಯಾಕೆ ಹೋಗ್ತೀಯ, ಮನೇಲಿರು" ಎಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಮಂದಿಗೆ ಬುದ್ಧಿ ಹೇಳುತ್ತಿದ್ದವಳು ನಾನು.

ಸೋಮವಾರ ಬೆಳಗ್ಗೆ ಟಟಲ್ ಮೇಷ್ಟ್ರು ಕೇಳಿದರು, ಸಂದರ್ಶನಕ್ಕೆ ಯಾಕೆ ಹೋಗಲಿಲ್ಲ ಎಂದು. ಹಿಮದ ನೆಪ ಹೇಳಬಹುದಿತ್ತು. ಆದರೆ ಉಳಿದ ಮಕ್ಕಳೆಲ್ಲ ಹೋಗಿ ಬಂದಿದ್ದರು, ಇವಳಿಗೆ ನೆಪ ಹೇಳಿ ಅಭ್ಯಾಸವೂ ಇಲ್ಲ. "ನಂಗೆ ಗುಡ್ಡದ ಮೇಲೆ ಸಿಕ್ಕಿದೆ ಸಾರ್, ಇನ್ನೊಬ್ರ ಜಾಗ ಯಾಕೆ ತಡೀಲಿ" ಎಂದಳಂತೆ. ಬಾಗಿಲ ಬಳಿ ಇಬ್ಬರು ಹುಡುಗಿಯರು ನಿಂತಿದ್ದರು. ಮಧ್ಯಾಹ್ನದೊಳಗೆ ಇಡೀ ಶಾಲೆಗೆ ಗೊತ್ತಾಗಿತ್ತು.

ಅದೇ ಮಧ್ಯಾಹ್ನ ಡೀನಮ್ಮ ಹಸಿರು ಚೀಟಿಗಳನ್ನೆಲ್ಲ ತರಿಸಿಕೊಂಡು ಒಳಗೆ ಕೂತರು. ಅದಕ್ಕೆ ನಾವು ಕಡೆಯ ಸುತ್ತು ಎನ್ನುತ್ತೇವೆ. ಹೌದು ಎನಿಸಿಕೊಂಡವರ ಸಂಖ್ಯೆ ವಿದ್ಯಾರ್ಥಿನಿಲಯದ ಮಂಚಗಳ ಸಂಖ್ಯೆಗಿಂತ ಹೆಚ್ಚಾಗಿದ್ದರೆ ಕೆಲವರನ್ನು ಹಳದಿಗೆ ಸರಿಸುತ್ತಾರೆ. ಇದು ಹೊಸದಲ್ಲ. ಪ್ರತಿ ವರ್ಷ ಆಗುತ್ತದೆ. ಹದಿನಾಲ್ಕು ವರ್ಷ ಆ ಚೀಟಿಗಳನ್ನು ಕಿತ್ತು ಬೇರೆ ಅಂಟಿಸಿದ್ದು ನನ್ನ ಇದೇ ಕೈ. ಆ ಮಕ್ಕಳ ಹೆಸರು ಒಂದೂ ನನಗೆ ನೆನಪಿಲ್ಲ. ಶುಕ್ರವಾರ ಆ ಹಸಿರು ನೋಡಿದಾಗ ನನಗೆ ಇದು ನೆನಪಾಗಲೇ ಇಲ್ಲ ಎಂದರೆ ಯಾರು ನಂಬುತ್ತಾರೆ? ನನಗೇ ನಂಬಲು ಕಷ್ಟ.

ಆ ಸಲ ಆರು ಮಂದಿ. ಬರ್ನೀಸ್ ಹೊರಗೆ ಬಂದವಳು ನನ್ನ ಮುಖ ನೋಡಲಿಲ್ಲ. ಅವಳ ಕೈಯಲ್ಲಿದ್ದ ಮೊನೀಕ್‌ಳ ಕಡತದ ಮೇಲೆ ಹಳದಿ ಚೀಟಿ ಇತ್ತು.

ಸಂಜೆ ಮಗಳಿಗೆ ಅದನ್ನೂ ನಾನೇ ಹೇಳಿದೆ. ಅವಳು ಕೇಳಿದ್ದು ಇಷ್ಟೇ: "ನೀನು ಹೇಳಿದ್ದು ಗೊತ್ತಾದ್ರೆ ನಿನ್ನ ಕೆಲಸ ಹೋಗತ್ತಾ?"

"ಹೋಗತ್ತೆ."

"ಸರಿ" ಎಂದು ಎದ್ದು ಹೋದಳು.

ಗುರುವಾರ ತೆಳ್ಳನೆಯ ಲಕೋಟೆ ಬಂತು. ಶುಕ್ರವಾರ ಟಟಲ್ ಮೇಷ್ಟ್ರು ಅವಳನ್ನು ಕೂರಿಸಿಕೊಂಡು, ಸಿಕ್ಕಿದೆ ಎಂದು ನಿನಗೆ ಹೇಳಿದ್ದು ಯಾರು ಎಂದು ಕೇಳಿದರು. ಹದಿನೇಳು ವರ್ಷ ಒಂದೂ ಸುಳ್ಳಾಡದ ನನ್ನ ಮಗಳು, "ಯಾರೂ ಇಲ್ಲ ಸಾರ್. ನಾನೇ ಜಂಬಕ್ಕೆ ಹೇಳ್ಕೊಂಡೆ" ಎಂದಳು. ಅಂದಿನಿಂದ ಅವಳು ಶಾಲೆಗೆಲ್ಲ ಗುಡ್ಡದ ರಾಣಿ. ಹಜಾರದಲ್ಲಿ ಬಂದರೆ ಹುಡುಗರು ಬಗ್ಗಿ ದಾರಿ ಬಿಡುತ್ತಿದ್ದರು. "ರಾಣಿಯೋರೇ, ಅರಮನೆ ಬೀಗದಕೈ ಸಿಕ್ತಾ?" ಎನ್ನುತ್ತಿದ್ದರು. ಅವಳ ಸ್ನೇಹಿತೆ ಊಟದ ಮೇಜು ಬದಲಿಸಿದಳು. ಇದೆಲ್ಲ ನನಗೆ ಗೊತ್ತಿತ್ತು.

ನಾನು ಹೋಗಿ ನಿಜ ಹೇಳಬೇಕಿತ್ತು. ಆದರೆ ಹಳದಿ ಎಂದರೆ ಇಲ್ಲ ಎಂದಲ್ಲವಲ್ಲ. ಏಪ್ರಿಲ್‌ನಲ್ಲಿ ಹೌದಾದರೆ ಶುಲ್ಕದ ಮಾಫಿಗೆ ನನ್ನ ಕೆಲಸ ಇರಲೇಬೇಕು. ಈಗ ಬಾಯಿ ಬಿಟ್ಟು ಕೆಲಸ ಕಳೆದುಕೊಂಡರೆ ಅವಳ ದಾರಿಗೆ ನಾನೇ ಮುಳ್ಳು. ಹೀಗೆ ಲೆಕ್ಕ ಹಾಕಿದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಬಿಸಿ ತುಪ್ಪ. ಜನವರಿಯಲ್ಲಿ ಒಂದು ದಿನ ದಿನಸಿ ಅಂಗಡಿಯಲ್ಲಿ ಟಟಲ್ ಮೇಷ್ಟ್ರು ನನ್ನ ಸಾಮಾನಿನ ತಳ್ಳುಗಾಡಿಯ ಪಕ್ಕಕ್ಕೆ ಬಂದು ನಿಂತರು. ಕೈಯಲ್ಲೊಂದು ಹಾಲಿನ ಡಬ್ಬ.

"ಲೊರೇನ್, ಮೊನೀಕ್ ವಿಷಯದಲ್ಲಿ ನಂಗೆ ಏನಾದ್ರೂ ಹೇಳೋದಿದ್ಯಾ?"

"ಏನಿಲ್ಲ ಮೇಷ್ಟ್ರೇ. ಮಕ್ಕಳ ಬುದ್ಧಿ, ಏನೋ ಅಂದ್ಬಿಟ್ಲು" ಎಂದೆ. ಮಗಳ ಸುಳ್ಳಿಗೆ ನಾನೂ ಒಂದು ಸಹಿ ಹಾಕಿದೆ. ಅವರು ಹಾಲಿನ ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಇನ್ನೂ ಸ್ವಲ್ಪ ಹೊತ್ತು ನಿಂತು, ಹೋದರು.

ಮಾರ್ಚ್ ಕೊನೆಯಲ್ಲಿ ಮತ್ತೆ ಚೀಟಿಗಳು ಬಿದ್ದವು. ಈ ಸಲ ನಾನು ಕದ್ದು ನೋಡಲಿಲ್ಲ. ಅಂಚೆಗೆ ಕಟ್ಟುವಾಗ ತೆಳ್ಳನೆಯ ಕಟ್ಟಿನಲ್ಲಿ ನಮ್ಮದೇ ಮನೆಯ ವಿಳಾಸ ಕೈಗೆ ಸಿಕ್ಕಿತು. ಕಚೇರಿಯಿಂದ ನಮ್ಮ ಮನೆ ಕಾಣುತ್ತದೆ. ಆದರೆ ಕಾಗದ ದೂರದ ಅಂಚೆ ಕೇಂದ್ರಕ್ಕೆ ಹೋಗಿ, ಮುದ್ರೆ ಒತ್ತಿಸಿಕೊಂಡು, ಎರಡು ದಿನ ಬಿಟ್ಟು ಬರುತ್ತದೆ. ಆ ಸಂಜೆ ಮನೆಗೆ ಹೋಗಿ ಬಾಯಿ ಹೊಲಿದುಕೊಂಡು ಆಲೂಗಡ್ಡೆ ಸುಲಿದೆ. ಮೊನೀಕ್ ನನ್ನನ್ನೇ ನೋಡುತ್ತ ಕೂತಿದ್ದಳು.

"ಅಮ್ಮ, ಹೇಳ್ಬೇಡ. ಕಾಗದ ಬರ್ಲಿ" ಎಂದಳು.

ಎರಡು ದಿನ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಂಡೆವು. ಮೂರನೆಯ ದಿನ ಅವಳು ನನ್ನೆದುರಿಗೇ ಲಕೋಟೆ ಒಡೆದು, ಓದಿ, "ಅಯ್ಯೋ" ಎಂದಳು, ಆಗಷ್ಟೇ ಗೊತ್ತಾದವಳ ಹಾಗೆ. ನನಗೋಸ್ಕರ. ಆ ಒಂದು "ಅಯ್ಯೋ" ನನ್ನ ಎದೆಯಿಂದ ಇವತ್ತಿಗೂ ಹೋಗಿಲ್ಲ.

ಜೂನ್‌ನಲ್ಲಿ ಶಾಲೆ ಮುಗಿಯಿತು. ಇನ್ನು ಕಾಯಲು ಏನೂ ಉಳಿದಿರಲಿಲ್ಲ. ಮಗಳ ಹೆಸರಿನ ಮೇಲಿನ ಕೊಳೆಯನ್ನಾದರೂ ತೊಳೆಯೋಣ ಎಂದು ಟಟಲ್ ಮೇಷ್ಟ್ರ ಕೋಣೆಗೆ ಹೋದೆ. ಅವರು ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಹಸಿರು ಚೀಟಿ, ಇಸ್ತ್ರಿ, ಕಡೆಯ ಸುತ್ತು, ಎಲ್ಲ.

"ಗೊತ್ತಿತ್ತು" ಎಂದರು. "ಆ ಹುಡುಗಿ ಸುಳ್ಳು ಹೇಳೋಳಲ್ಲ. ಆ ಕಚೇರೀಲಿ ಅವಳಿಗೆ ಗೊತ್ತಿರೋರು ಇನ್ಯಾರು?"

"ಗೊತ್ತಿದ್ದೂ ಸುಮ್ನಿದ್ರಾ?"

ಅವರು ಕುರ್ಚಿಯ ಮೇಲಿನ ಪುಸ್ತಕ ತೆಗೆದರು. ಕೂರು ಎಂದರು. ನಾನು ಕೂರಲಿಲ್ಲ.

"ಟ್ರಸ್ಟ್‌ನೋರು ಜನವರಿ ಮೂವತ್ತೊಂದರವರೆಗೆ ಕಾದ್ರು, ಲೊರೇನ್. ನಾನೇ ಕೇಳ್ಕೊಂಡಿದ್ದೆ. ಅವ್ರು ಕೇಳಿದ್ದು ಒಂದೇ, ಯಾಕೆ ಬರ್ಲಿಲ್ಲ ಅಂತ ಕಾರಣ ಬರೆದು ಕೊಡಿ, ಇನ್ನೊಂದು ದಿನ ಮಾತಾಡಿಸ್ತೀವಿ ಅಂತ. ಯಾರ ಹೆಸರೂ ಬೇಕಿರ್ಲಿಲ್ಲ. ಯಾರೋ ತಪ್ಪು ಸುದ್ದಿ ಕೊಟ್ರು ಅಂದಿದ್ರೆ ಸಾಕಿತ್ತು. ಆದ್ರೆ ಅವಳು ತಾನೇ ಜಂಬಕ್ಕೆ ಅಂದೆ ಅಂತಾಳೆ. ಜಂಬ ಅಂತ ಬರೆದು ಕೊಡ್ಲಾ? ನನ್ನ ಊಹೆ ಬರೆದು ಕೊಡ್ಲಾ? ಅದಕ್ಕೇ ಅವತ್ತು ಅಂಗಡೀಲಿ ನಿನ್ನ ಕೇಳ್ದೆ."

ಗೋಡೆಯ ಕ್ಯಾಲೆಂಡರನ್ನು ಆಗಲೇ ತೆಗೆದಿದ್ದರು. ಮೊಳೆ ಮಾತ್ರ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಜಗಳವಾದರೂ ಆಡಬಹುದಿತ್ತು.

ಬೇರೆ ಕಡೆ ದುಡ್ಡು ಕೊಟ್ಟು ಓದಿಸುವ ಶಕ್ತಿ ನಮಗಿರಲಿಲ್ಲ. ಮೊನೀಕ್ ಆ ಬೇಸಿಗೆ ಊರಿನ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ, ಒಂದು ಮಹಡಿಗೆ ಅವಳೇ ಯಜಮಾನಿ. ಮುದುಕ ಪಾದ್ರಿಯೊಬ್ಬರಿಗೆ ಲ್ಯಾಟಿನ್ನಿನಲ್ಲಿ ಪ್ರಾರ್ಥನೆ ಓದಿ ಹೇಳುತ್ತಾಳಂತೆ. ಕಳೆದ ಭಾನುವಾರ ಊಟಕ್ಕೆ ಬಂದವಳು ಹಳೆಯ ಮಾತು ತೆಗೆದು, "ಹೋಗ್ಲಿ ಬಿಡಮ್ಮ, ಆವಾಗ ನಾವಿಬ್ರೂ ಬೇರೆ ಏನೂ ಮಾಡೋ ಹಾಗಿರ್ಲಿಲ್ಲ" ಎಂದಳು.

ಜನವರಿ ಮೂವತ್ತೊಂದರ ಮಾತು ನಾನು ಅವಳಿಗೆ ಹೇಳಿಲ್ಲ. ಅವಳ ತಟ್ಟೆಗೆ ಇನ್ನೊಂದು ತುಂಡು ಕಡುಬು ಹಾಕಿ, "ಹೌದು ಕಣೇ" ಎಂದೆ.