ಹಳದಿ ನಡೆದ ದಾರಿ

ಜೀಪಿನ ಹಿಂಬದಿಯಲ್ಲಿ ಮೇಲುಡುಪುಗಳ ಕಟ್ಟು ಪ್ಲಾಸ್ಟಿಕ್ ಬಿಚ್ಚದೆ ಬಿದ್ದಿತ್ತು. ರೋಗದ ಹೊಲದಿಂದ ಇನ್ನೊಂದು ಹೊಲಕ್ಕೆ ಕಾಲಿಡುವ ಮುನ್ನ ಬಟ್ಟೆ ಬದಲಿಸಬೇಕು. ಅದು ಸಮೀಕ್ಷೆಯ ನಿಯಮ.

"ಹೊಲದಲ್ಲಿ ಎಂಥಾ ಮಡಿ, ವೈಜಯಂತಿ? ಚಲೋ, ಬಿಸಿಲೇರೋದ್ರೊಳಗೆ ಮುಗಿಸೋಣ," ಎಂದರು ದಕ್ಷಿಣಾಮೂರ್ತಿ.

ಎರಡು ಸಾವಿರದ ಎಂಟರ ಫೆಬ್ರವರಿ. ಗುರ್‌ಗಾಂವ್ ಆಚೆಯ ಹಳ್ಳಿಗಳಲ್ಲಿ ಬಾರ್ಲಿ ಬೆಳೆಗೆ ಹಳದಿ ತುಕ್ಕು ರೋಗ ಎಷ್ಟು ಹರಡಿದೆಯೆಂದು ನೋಡುವುದು ಅವರಿಬ್ಬರ ಕೆಲಸ. ದಕ್ಷಿಣಾಮೂರ್ತಿ ದೆಹಲಿಯ ಪೀತಮ್‌ಪುರದಲ್ಲಿ ಮನೆ ಮಾಡಿದ್ದ ಹಿರಿಯ ವಿಜ್ಞಾನಿ. ವೈಜಯಂತಿ ಅದೇ ದೆಹಲಿಯ ಮುನಿರ್ಕಾದಲ್ಲಿ ಬಾಡಿಗೆಗಿದ್ದ ಅವರ ಸಹಾಯಕಿ.

ಮೊದಲು ನೋಡಿದ್ದು ಪಂಚಾಯಿತಿಯ ಮುಖ್ಯಸ್ಥ ಸರಪಂಚನ ಹೊಲ. ಒಂದು ಮೂಲೆಯಲ್ಲಿ ಎಲೆ ಮುಟ್ಟಿದರೆ ಬೆರಳಿಗೆ ಅರಿಶಿನದಂಥ ಪುಡಿ ಹತ್ತಿತು. ದಕ್ಷಿಣಾಮೂರ್ತಿ ಸರಪಂಚನ ಕಿವಿಯಲ್ಲಿ ಔಷಧಿಯ ಹೆಸರು ಹೇಳಿದರು, ಅವನ ಮನೆಯ ಲಸ್ಸಿ ಕುಡಿದರು. ಅಲ್ಲಿಂದ ನೇರ ದಲಿತರ ಗಲ್ಲಿಯ ಭತೇರಿ ಎಂಬ ಹೆಂಗಸಿನ ಹೊಲಕ್ಕೆ. ಪಂಚಾಯಿತಿ ಜಮೀನನ್ನು ಗೇಣಿಗೆ ಹಿಡಿದು ಬೆಳೆದ ಬಾರ್ಲಿ. ಒಂದು ಚುಕ್ಕೆ ಇರಲಿಲ್ಲ. ಇಬ್ಬನಿಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ನಡೆದರು, ಅದೇ ಪ್ಯಾಂಟಿನಲ್ಲಿ. ಹಿಂದೆ ವೈಜಯಂತಿ, ಅದೇ ಸಲ್ವಾರಿನಲ್ಲಿ.

ಭತೇರಿ ನೀರು ತಂದಳು.

"ಬಾಟಲಿ ಇದೆ," ಎಂದರು ದಕ್ಷಿಣಾಮೂರ್ತಿ. ಜೀಪಿನಲ್ಲಿ ಕನ್ನಡದಲ್ಲಿ ಸೇರಿಸಿದರು: "ಮನೆಗೆ ಹೋಗಿ ತಲೆಗೇ ಸ್ನಾನ ಮಾಡ್ಬೇಕು ಇವತ್ತು."

ವೈಜಯಂತಿ ಕಿಟಕಿಯಾಚೆ ನೋಡಿದಳು. ಭತೇರಿ ತಂದ ನೀರನ್ನು ಅವಳೂ ಕುಡಿದಿರಲಿಲ್ಲ.

ಹೋಳಿ ಹಬ್ಬಕ್ಕೆ ಮುನ್ನ ಮತ್ತೆ ಬಂದಾಗ ಸರಪಂಚನ ಹೊಲ ಔಷಧಿ ಕುಡಿದು ಹಸಿರಾಗಿತ್ತು. ಭತೇರಿಯ ಹೊಲದ ನಡುವೆ ಮೂಲೆಯಿಂದ ಮೂಲೆಗೆ ಹಳದಿ ಪಟ್ಟೆ. ಹೊಲದ ಬದುವಿನಲ್ಲಿ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು.

"ಆ ಗಲ್ಲಿಯಿಂದಲೇ ರೋಗ ಶುರು ಸಾಹೇಬ್ರೇ," ಎಂದ ಸರಪಂಚ. "ಊರು ಉಳೀಬೇಕಲ್ಲ, ಈ ಹೊಲ ಉತ್ತುಬಿಡೋಣ ಅಂತ ತೀರ್ಮಾನ ಆಗಿದೆ."

ಭತೇರಿ ದಕ್ಷಿಣಾಮೂರ್ತಿಯ ಮುಂದೆ ನಿಂತಳು. "ಔಷಧಿ ಹೊಡೆದ್ರೆ ಸಾಕು ಅಂತ ಒಂದು ಮಾತು ಹೇಳಿ ಸಾಹೇಬ್. ನಿಮ್ಮ ಮಾತು ಕೇಳ್ತಾರೆ."

ಅವರು ಕೈಗಡಿಯಾರ ನೋಡಿಕೊಂಡರು. "ಪಂಚಾಯಿತಿ ವಿಷಯ. ನಾವು ತಲೆ ಹಾಕಬಾರದು. ರೋಗ ಗಾಳೀಲಿ ಬಂದಿದೆ."

"ಗಾಳಿ ಹೀಗೆ ಓರೆಯಾಗಿ ನಡೆಯುತ್ತಾ ಸರ್?" ಎಂದಳು ವೈಜಯಂತಿ.  ಆಮೇಲೆ ಕನ್ನಡ ಬಿಟ್ಟು ಊರವರಿಗೆ ತಿಳಿಯುವ ಹಿಂದಿಯಲ್ಲಿ ಹೇಳಿದಳು. "ರೋಗ ಇದ್ದದ್ದು ಸರಪಂಚರ ಹೊಲದಲ್ಲಿ. ಇಲ್ಲಿಗೆ ತಂದಿದ್ದು ನಾವು, ನಮ್ಮ ಬಟ್ಟೇಲಿ. ಔಷಧಿ ಹೊಡೆದ್ರೆ ಬೆಳೆ ಉಳಿಯುತ್ತೆ."

ಬದುವಿನಲ್ಲಿ ಸೇರಿದ್ದ ಊರವರೆಲ್ಲ ಕೇಳಿಸಿಕೊಂಡರು.

"ಮೇಡಂಗೆ ಬಿಸಿಲು ತಲೆಗೇರಿದೆ," ಎಂದ ಸರಪಂಚ. ಒಂದಿಬ್ಬರು ನಕ್ಕರು. ಟ್ರ್ಯಾಕ್ಟರ್ ಹೊಲಕ್ಕಿಳಿಯಿತು.

ಭತೇರಿ ಅಳಲಿಲ್ಲ. ಟ್ರ್ಯಾಕ್ಟರಿನ ಮುಂದೆ ಮುಂದೆ ಹೋಗುತ್ತ ಒಂದು ಹಿಡಿ ಹಸಿ ತೆನೆ ಕಿತ್ತುಕೊಂಡಳು. ಹೋಳಿಯ ಬೆಂಕಿಯಲ್ಲಿ ಹೊಸ ತೆನೆ ಸುಟ್ಟು ಮನೆಮಂದಿ ಹಂಚಿ ತಿನ್ನಬೇಕು. ಅಷ್ಟು ಉಳಿಯಿತು.

ವೈಜಯಂತಿ ಜೀಪು ಹತ್ತಿದಳು. 

ಮುಂದಿನ ಹಳ್ಳಿಯಲ್ಲಿ ಜೀಪು ನಿಂತಿತು. ಹಚ್ಚನೆಯ ಹೊಲ. ದಕ್ಷಿಣಾಮೂರ್ತಿ ಬಾಗಿಲಿಗೆ ಕೈ ಹಾಕಿದರು. ಅವರ ಪ್ಯಾಂಟಿನ ಅಂಚು ಹಳದಿಯಾಗಿತ್ತು.

ವೈಜಯಂತಿ ಹಿಂದಕ್ಕೆ ಬಾಗಿ ಪ್ಲಾಸ್ಟಿಕ್ ಹರಿದಳು. ಒಂದು ಮೇಲುಡುಪು ತೆಗೆದು ಅವರ ತೊಡೆಯ ಮೇಲೆ ಹಾಕಿದಳು.

"ನೀವು ಮೈಲಿಗೆ ಸರ್. ಬದಲಿಸಿ ಇಳೀರಿ."